ಮುಖವೇ ಕೀಲಿಯಾದಾಗ

ಕುಂದಾ ಸೀಮೆಯ ಚಹಾ ತೋಟಗಳಲ್ಲಿ ವರ್ಷಾನುಗಟ್ಟಲೆ ಎಲೆ ಚಿವುಟಿದವರ ಬೆರಳ ತುದಿಗಳು ಒರಟಾಗಿ, ಅಲ್ಲಿನ ಗೆರೆಗಳು ಸವೆದಿರುತ್ತವೆ. ಬೆರಳಚ್ಚು ಕೇಳುವ ಯಂತ್ರದೆದುರು ಇಂಥವರು ನಾಲ್ಕಾರು ಬಾರಿ ಕೈ ಒರೆಸಿಕೊಂಡು ನಿಲ್ಲಬೇಕಾಗುತ್ತದೆ. ಆದ್ದರಿಂದ “ಮುಖ ತೋರಿಸಿದರೆ ಸಾಕು, ಫೋನ್ ತೆರೆಯುತ್ತದೆ” ಎಂಬ ಅಂಗಡಿಯವರ ಮಾತು ಮಂಜೂರಿನ ಪೇಟೆಯಲ್ಲಿ ಬೇಗ ಮನಸ್ಸಿಗೆ ಹಿಡಿಸಿದರೆ ಆಶ್ಚರ್ಯವಿಲ್ಲ. ಆದರೆ ಈ ಒಂದೇ ಮಾತಿನಡಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ ಎಂಬುದನ್ನು ಕೊಳ್ಳುವವರು ಅರಿತಿರಬೇಕು.

ಆಂಡ್ರಾಯ್ಡ್ ಫೋನ್‌ಗಳಿಗೆ ಮುಖ ನೋಡಿ ತೆರೆಯುವ ಸೌಲಭ್ಯ ಬಂದದ್ದು 2011ರಲ್ಲಿ. ಒಡೆಯನ ಭಾವಚಿತ್ರವನ್ನು ಹಿಡಿದರೂ ಫೋನ್ ತೆರೆಯುತ್ತದೆಂಬುದು ಕೆಲವೇ ದಿನಗಳಲ್ಲಿ ಬಯಲಾಯಿತು. ಮರುವರ್ಷ ಕಣ್ಣು ಮಿಟುಕಿಸಬೇಕೆಂಬ ನಿಯಮವನ್ನು ಸೇರಿಸಲಾಯಿತು. 2017ರಲ್ಲಿ ಆಪಲ್ ಸಂಸ್ಥೆ ತನ್ನ ಐಫೋನ್ ಎಕ್ಸ್‌ನಲ್ಲಿ ಬೇರೊಂದು ಮಾರ್ಗ ಹಿಡಿಯಿತು. ಕಣ್ಣಿಗೆ ಕಾಣದ 30,000ಕ್ಕೂ ಹೆಚ್ಚು ಬೆಳಕಿನ ಚುಕ್ಕೆಗಳನ್ನು ಮುಖದ ಮೇಲೆ ಬೀರಿ, ಮೂಗಿನ ಎತ್ತರವನ್ನೂ ಕಣ್ಣಿನ ಕುಳಿಯ ಆಳವನ್ನೂ ಅಳೆಯುವ ಮಾರ್ಗವದು. ಕಾಗದದ ಚಿತ್ರಕ್ಕೆ ಆಳವಿಲ್ಲ. ಆದ್ದರಿಂದ ಅದು ಇಲ್ಲಿ ನಡೆಯದು. ಅಪರಿಚಿತನೊಬ್ಬನ ಮುಖಕ್ಕೆ ಫೋನ್ ತೆರೆಯುವ ಸಂಭವ 10 ಲಕ್ಷದಲ್ಲಿ ಒಂದು ಎಂದು ಆಪಲ್ ಹೇಳಿತು. ಅದರದೇ ಬೆರಳಚ್ಚು ವ್ಯವಸ್ಥೆಗೆ ಈ ಲೆಕ್ಕ 50,000ದಲ್ಲಿ ಒಂದು. ಆದರೆ ಅವಳಿಗಳು, ಒಂದೇ ಹೋಲಿಕೆಯ ಒಡಹುಟ್ಟಿದವರು ಮತ್ತು 13 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಈ ಲೆಕ್ಕ ಹೊಂದದೆಂದು ಅದೇ ಸಂಸ್ಥೆ ಎಚ್ಚರಿಸಿದೆ. ಎಳೆಯರ ಮುಖಲಕ್ಷಣಗಳು ಇನ್ನೂ ಪೂರ್ಣವಾಗಿ ರೂಪುಗೊಂಡಿರುವುದಿಲ್ಲವೆಂಬುದು ಕಾರಣ.

ಕಡಿಮೆ ಬೆಲೆಯ ಬಹುತೇಕ ಫೋನ್‌ಗಳಲ್ಲಿ ಇಂಥ ಅಳತೆಯ ಉಪಕರಣವಿಲ್ಲ. ಸೆಲ್ಫಿಗೆಂದು ಇಟ್ಟ ಮುಂಬದಿಯ ಕ್ಯಾಮೆರಾವೇ ಅಲ್ಲಿ ಕಾವಲುಗಾರ. ತಯಾರಕರಿಗೆ ಹೆಚ್ಚುವರಿ ಖರ್ಚಿಲ್ಲ. ಆದರೆ ಡಬ್ಬಿಯ ಮೇಲೆ ಬರೆಯಲು ಒಂದು ಹೊಸ ಗುಣ ದೊರೆಯಿತು. ನೆದರ್ಲೆಂಡಿನ ಗ್ರಾಹಕ ಸಂಸ್ಥೆಯೊಂದು 2019ರ ಆರಂಭದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 110 ಮಾದರಿಗಳ ಪೈಕಿ 42 ಬರಿಯ ಭಾವಚಿತ್ರಕ್ಕೆ ತೆರೆದುಕೊಂಡವು. 2023ರಲ್ಲಿ ಬ್ರಿಟನ್ನಿನ ಗ್ರಾಹಕ ಸಂಸ್ಥೆ ನಡೆಸಿದ ಪರೀಕ್ಷೆಯಲ್ಲಿ 48ರ ಪೈಕಿ 19 ಹಾಗೆಯೇ ಸೋತವು.

ಹೀಗಿದ್ದೂ ಮಾರಾಟ ಕುಗ್ಗದಿರುವುದೇಕೆ? ಯಾವ ಬೀಗವೂ ಎರಡು ಬಗೆಯಲ್ಲಿ ತಪ್ಪಬಹುದು: ಒಡೆಯನನ್ನು ಹೊರಗೆ ನಿಲ್ಲಿಸಬಹುದು, ಇಲ್ಲವೇ ಪರರನ್ನು ಒಳಗೆ ಬಿಡಬಹುದು. ಮೊದಲನೆಯ ತಪ್ಪು ಒಡೆಯನಿಗೆ ದಿನವೂ ಕಾಣುತ್ತದೆ. ಚಳಿಗೆ ಮಫ್ಲರ್ ಸುತ್ತಿಕೊಂಡ ಮುಂಜಾನೆ ಫೋನ್ ತೆರೆಯದಿದ್ದರೆ ಆತ ಗೊಣಗುತ್ತಾನೆ. ಎರಡನೆಯದು ನಡೆದಾಗ ಆತ ಅಲ್ಲಿರುವುದೇ ಇಲ್ಲ. ಅಂಗಡಿಯಲ್ಲಿ ಪರೀಕ್ಷೆಯಾಗುವುದು “ನನಗೆ ತೆರೆಯುತ್ತದೆಯೇ” ಎಂಬುದಷ್ಟೇ. “ಬೇರೆಯವರಿಗೆ ತೆರೆಯದೇ” ಎಂದು ಯಾರೂ ನೋಡುವುದಿಲ್ಲ. ಹೀಗಾಗಿ ಬೇಗ ತೆರೆಯುವ ಬೀಗವೇ ಒಳ್ಳೆಯ ಬೀಗವೆಂಬ ಭ್ರಮೆಗೆ ಮಾರುಕಟ್ಟೆಯಲ್ಲಿ ಬೆಲೆ ಬಂದಿದೆ.

ಫೋನ್ ಇಂದು ಮಾತಿನ ಯಂತ್ರ ಮಾತ್ರವಲ್ಲ. ಕುಟುಂಬದ ಹಣದ ಪೆಟ್ಟಿಗೆಯೂ ಹೌದು. 2025ರ ಅಕ್ಟೋಬರ್‌ನಿಂದ ಯುಪಿಐ ಪಾವತಿಗೆ ರಹಸ್ಯ ಸಂಖ್ಯೆಯ ಬದಲು ಬೆರಳಚ್ಚು ಅಥವಾ ಮುಖ ಬಳಸಲು ಅವಕಾಶ ದೊರೆತಿದೆ. ಆಂಡ್ರಾಯ್ಡ್ ಈ ವ್ಯವಸ್ಥೆಗಳನ್ನು ಬಲಕ್ಕೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸಿದ್ದು, ಕೆಳವರ್ಗದ ಮುಖ ಗುರುತು ಪರದೆಯನ್ನು ತೆರೆಯಬಲ್ಲದೇ ಹೊರತು ಬ್ಯಾಂಕಿನ ಆ್ಯಪ್‌ಗೆ ಸಾಕ್ಷಿಯಾಗಲಾರದು. ಫೋನ್ ಮುಖಕ್ಕೆ ತೆರೆದರೂ ಬ್ಯಾಂಕಿನ ಆ್ಯಪ್ ಬೆರಳನ್ನೇ ಕೇಳುವುದಾದರೆ, ಆ ಮುಖದ ಬೀಗ ದುರ್ಬಲವಿರಬಹುದೆಂದು ತಿಳಿಯಬಹುದು. ದುರ್ಬಲ ಬೀಗ ತೆರೆದವನಿಗೆ ಹಣ ಸಿಗದಿದ್ದರೂ ಬ್ಯಾಂಕಿನಿಂದ ಬರುವ ಒಟಿಪಿ ಸಂದೇಶಗಳು, ಕುಟುಂಬದ ಚಿತ್ರಗಳು, ವಾಟ್ಸಾಪ್ ಮಾತುಕತೆಗಳು ಸಿಗುತ್ತವೆ.

ಕಾನೂನಿನ ಕಡೆಯಿಂದಲೂ ಇದನ್ನು ನೋಡಬೇಕು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆದರೆ ಆ ಹಕ್ಕಿಗೂ ಮಿತಿಯುಂಟು. ತನಿಖೆಗೆ ಫೋನ್ ತೆರೆಸುವ ಪ್ರಶ್ನೆ ಬಂದಾಗ ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ, ನ್ಯಾಯಾಲಯದ ಶೋಧನಾ ವಾರಂಟ್ ಮೂಲಕ ಗುಪ್ತಪದವನ್ನೂ ಬೆರಳು, ಮುಖಗಳ ಗುರುತನ್ನೂ ಪಡೆಯಬಹುದು, ಅದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಾಗದು ಎಂದು ಹೇಳಿತು. ತಮಿಳುನಾಡಿನ ನ್ಯಾಯಾಲಯಗಳನ್ನು ಈ ತೀರ್ಪು ಕಟ್ಟಿಹಾಕದು. ವಾದಕ್ಕೆ ಬಲ ಕೊಡಬಲ್ಲದು, ಅಷ್ಟೇ. ಇನ್ನು ಕಾನೂನಿನ ಪುಸ್ತಕದಾಚೆ ಒಂದು ವ್ಯತ್ಯಾಸ ಉಳಿದೇ ಇದೆ. ಮನಸ್ಸಿನಲ್ಲಿರುವ ಸಂಖ್ಯೆಯನ್ನು ಪಡೆಯಲು ಬಾಯಿ ತೆರೆಸಬೇಕು. ಮುಖವನ್ನು ಪಡೆಯಲು ಫೋನನ್ನು ಅದರೆದುರು ಹಿಡಿದರೆ ಮುಗಿಯಿತು. 2019ರಲ್ಲಿ ಬಂದ ಗೂಗಲ್ ಪಿಕ್ಸೆಲ್ 4 ಕಣ್ಣು ಮುಚ್ಚಿದ ಮುಖಕ್ಕೂ ತೆರೆಯುತ್ತಿತ್ತು. ಕಣ್ಣು ತೆರೆದಿರಲೇಬೇಕೆಂಬ ಆಯ್ಕೆ ಸೇರಿದ್ದು ತಿಂಗಳುಗಳ ಬಳಿಕ. ಮಲಗಿದ ತಂದೆಯ ಮುಖದೆದುರು ಫೋನ್ ಹಿಡಿದು ಆಟ ತೆರೆಯುವ ಮಗುವಿಗೆ ವಾರಂಟ್ ಬೇಕಿಲ್ಲ.

ಹೊಸ ಫೋನ್ ತಂದ ದಿನವೇ ಮನೆಯಲ್ಲಿ ಮೂರು ಪರೀಕ್ಷೆ ಮಾಡಬಹುದು: ಒಡೆಯನ ಭಾವಚಿತ್ರವನ್ನು ಇನ್ನೊಂದು ಫೋನಿನಲ್ಲಿ ತೋರಿಸುವುದು, ಕಣ್ಣು ಮುಚ್ಚಿ ಪ್ರಯತ್ನಿಸುವುದು, ಹೋಲಿಕೆಯುಳ್ಳ ಅಣ್ಣತಮ್ಮ, ಅಕ್ಕತಂಗಿಯರಿಗೆ ಕೊಟ್ಟು ನೋಡುವುದು. ಒಂದರಲ್ಲಿ ಸೋತರೂ ಮುಖದ ಬೀಗವನ್ನು ತೆಗೆದು ಆರಂಕಿಯ ಸಂಖ್ಯೆ ಇಡುವುದು ಕ್ಷೇಮ. ಶಾಲೆಯ ಪಾಠ ನೋಡಲೆಂದು ಮಗುವಿನ ಮುಖವನ್ನು ತಂದೆತಾಯಿಯರ ಫೋನಿನಲ್ಲಿ ದಾಖಲಿಸುವ ರೂಢಿಯನ್ನೂ ಬಿಡಬೇಕು. ಹಾಗೆ ದಾಖಲಾದ ಮುಖಕ್ಕೆ ಪಾಠದ ಜೊತೆಗೆ ಮನೆಯ ಹಣದ ಬಾಗಿಲೂ ತೆರೆಯಬಹುದು. ಸವೆದ ಬೆರಳಿನವರಿಗೆ ಇದರಿಂದ ತುಸು ತೊಂದರೆಯಾದೀತು, ನಿಜ. ಆದರೆ ಸಂಖ್ಯೆ ಬಯಲಾದರೆ ಮರುದಿನ ಬದಲಿಸಬಹುದು. ಮುಖವನ್ನು ಬದಲಿಸಲಾಗದು.