ಮನೆಯಲ್ಲಿ ಹುಲಿ, ವೇದಿಕೆಯಲ್ಲಿ ಇಲಿ!

ಹೀರೋ ಕೊಟ್ಟ ಏಟಿಗೆ ವಿಲನ್ ಗಾಜು ಒಡ್ಕೊಂಡು ಬೀಳ್ತಾನಲ್ಲ, ಆಗ ಹಿಂದೆ ಗಿಟಾರ್ ಒಂದು ‘ಝರ್ರ್’ ಅಂತ ಗುಡುಗುತ್ತೆ, ಗಮನಿಸಿದ್ದೀರಾ? ಥಿಯೇಟರಿನಲ್ಲಿ ಶಿಳ್ಳೆ ಹೊಡೆಸೋದು ಅರ್ಧ ಹೀರೋ ಆದರೆ, ಉಳಿದರ್ಧ ಆ ಸದ್ದು. ಅದಕ್ಕೆ ಮರುಳಾಗಿ ಪಿ.ಯು.ಸಿ.ಗೆ ಶರಣು ಹೊಡೆದವನು ಈ ನಿಮ್ಮ ಅಂಕಣಕಾರ. ಈ ವಾರ ಅದರದ್ದೇ ಪುರಾಣ.

ಏಳು ವರ್ಷದ ಹಿಂದಿನ ಮಾತು. ನಾವು ನಾಲ್ವರು ಹುಡುಗರು ಮೆಟಲ್ ಬ್ಯಾಂಡ್ ಕಟ್ಟಿದ್ದೆವು. ಗಿಟಾರ್ ಕೊಡಿಸಿದ್ದು ನನ್ನ ಅಣ್ಣ. ಬಸ್ ಕಂಡಕ್ಟರ್. ಸಾಲ ಮಾಡಿ ಕೊಡಿಸಿದ್ದ. ನಾನೋ, ಬಾಗಿಲು ಹಾಕ್ಕೊಂಡು ಗೇನ್ ಹತ್ತಕ್ಕೆ, ಬಾಸ್ ಹತ್ತಕ್ಕೆ, ಟ್ರೆಬಲ್ ಹತ್ತಕ್ಕೆ, ಮಿಡ್ಲ್ ಸೊನ್ನೆಗೆ, ಮೇಲಿಷ್ಟು ರಿವರ್ಬ್! ಕೋಣೆಯಲ್ಲಿ ಭೂಕಂಪ. ನಾನೇ ರಾಜ.

ಆಮೇಲೆ ಒಂದು ಸ್ಪರ್ಧೆ. ಅಣ್ಣ ಡ್ಯೂಟಿ ಮುಗಿಸಿ, ಖಾಕಿ ಬಟ್ಟೆಯಲ್ಲೇ ಓಡಿ ಬಂದಿದ್ದ. ಹದಿನೈದು ನಿಮಿಷ ನುಡಿಸಿ ಬೆವರು ಒರೆಸ್ಕೊಂಡು ಕೆಳಗಿಳಿದೆ. ಅಣ್ಣ ಮೆಲ್ಲಗೆ ಕೇಳಿದ: “ನಿನ್ನ ಕೈ ಆಡ್ತಾನೇ ಇತ್ತು ಕಣೋ, ಸದ್ದು ಮಾತ್ರ ಕೇಳಿಸ್ಲೇ ಇಲ್ವಲ್ಲ. ಗಿಟಾರ್ ಕೆಟ್ಟಿತ್ತಾ?”

ಆ ರಾತ್ರಿ ಗಿಟಾರ್ ಮಾರಿಬಿಡೋಣ ಅಂತ ತೀರ್ಮಾನಿಸಿದ್ದೆ. ತಡೆದವರು ಅಲ್ಲಿ ವೈರ್ ಸುತ್ತುತ್ತಿದ್ದ ಮೈಕ್‌ಸೆಟ್ ಯಜಮಾನರು. “ತಮ್ಮಾ, ಗಿಟಾರ್ ಕೆಟ್ಟಿಲ್ಲ. ಮಿಡ್ಲ್ ಸೊನ್ನೆ ಇಟ್ರೆ ಜನಕ್ಕೆ ನೀನೇ ಸೊನ್ನೆ!”

ಅಲ್ಲಿಂದ ಶುರುವಾಯಿತು ನನ್ನ ನಿಜವಾದ ವಿದ್ಯಾಭ್ಯಾಸ.

ಗೇನ್ ಅಂದ್ರೆ ವಾಲ್ಯೂಮ್ ಅಲ್ಲ ಸ್ವಾಮಿ. ಅದು ಸದ್ದಿನ ಅಲೆಯನ್ನು ಆಂಪ್ ತಾಳಲಾರದಷ್ಟು ನೂಕಿ ಅದರ ತಲೆ ಕತ್ತರಿಸುತ್ತೆ. ಒಂದು ಹಂತ ದಾಟಿದ ಮೇಲೆ ಜೋರಾಗೋದಿಲ್ಲ. ಮೆಲ್ಲಗೆ ಹೊಡೆದದ್ದೂ ಗಟ್ಟಿ ಹೊಡೆದದ್ದೂ ಒಂದೇ ಮುದ್ದೆ. ಇನ್ನು ಬ್ಯಾಂಡಿನಲ್ಲಿ ಕೆಳಗಿನ ಸದ್ದು ಬಾಸ್ ಗಿಟಾರ್, ಕಿಕ್ ಡ್ರಮ್‌ಗಳ ಪಾಲು. ಮೇಲಿನದು ಸಿಂಬಲ್‌ಗಳ ಪಾಲು. ಗಿಟಾರಿಗೆ ಉಳಿಯೋ ಸೀಟು ನಡುವಿನದು, ಸುಮಾರು 500ರಿಂದ 3000 ಹರ್ಟ್ಸ್. ಆ ಸೀಟನ್ನೇ ನಾನು ಬಿಟ್ಟುಕೊಟ್ಟಿದ್ದೆ!

ಈಗ ನನ್ನ ಲೆಕ್ಕ ಹೀಗಿದೆ. ಮನೆಯಲ್ಲಿ ಇಷ್ಟವಾದ ಗೇನ್‌ನಲ್ಲಿ ಕಾಲು ಭಾಗ ಇಳಿಸ್ತೀನಿ. ಬಾಸ್ ನಾಲ್ಕು, ಮಿಡ್ಲ್ ಆರು, ಟ್ರೆಬಲ್ ಐದು, ಇಲ್ಲಿಂದ ಶುರು. ಅಂಗೈ ಅಂಚನ್ನು ತಂತಿ ಮೇಲಿಟ್ಟು ‘ದಗ-ದಗ-ದಗ’ ಹೊಡೆದರೆ ಒಂದೊಂದು ಏಟೂ ಎಣಿಸೋ ಹಾಗಿರಬೇಕು; ಮಿಕ್ಸಿ ತಿರುಗಿದ ಹಾಗೆ ಕೇಳಿದ್ರೆ ಇನ್ನೂ ಇಳಿಸಬೇಕು. ಆಂಪ್‌ಗೆ ಮುಂಚೆ ಟ್ಯೂಬ್ ಸ್ಕ್ರೀಮರ್ ಥರದ ಪೆಡಲ್ ಇದ್ರೆ ಡ್ರೈವ್ ಸೊನ್ನೆಯ ಹತ್ತಿರ, ಲೆವೆಲ್ ಮೇಲೆ. ಅದು ಕೆಳಗಿನ ಗಲೀಜು ಕಳೆದು ನಡುವಿನ ಸದ್ದನ್ನು ಎತ್ತಿಕೊಡುತ್ತೆ. ನಾಯ್ಸ್ ಗೇಟ್ ‘ಗುಂಯ್’ ನಿಲ್ಲೋವಷ್ಟಕ್ಕೇ ಸಾಕು, ಹೆಚ್ಚಾದ್ರೆ ಉದ್ದ ಸ್ವರದ ಬಾಲ ಕತ್ತರಿಸುತ್ತೆ. ರಿದಮ್‌ಗೆ ರಿವರ್ಬ್ ಬೇಡವೇ ಬೇಡ, ಹಾಲ್‌ನಲ್ಲೇ ಬೇಕಾದಷ್ಟು ಪ್ರತಿಧ್ವನಿ ಇರುತ್ತೆ. ಸೋಲೋ ಬಂದಾಗ ಮೂರು-ನಾಲ್ಕು ಡೆಸಿಬೆಲ್ ಏರಿಸಿ, ಚೂರು ಡಿಲೇ ಹಾಕಿದರೆ ಮುಗೀತು. ಇದೆಲ್ಲ ಡ್ರಮ್ಮರ್ ಬಾರಿಸ್ತಿರುವಾಗ, ಆಂಪ್‌ನಿಂದ ಹತ್ತಡಿ ದೂರ ನಿಂತು ಮಾಡಬೇಕು. ಪಕ್ಕದಲ್ಲೇ ನಿಂತರೆ ಕೇಳೋದು ನಿಮ್ಮ ಮೊಣಕಾಲು, ಕಿವಿಯಲ್ಲ!

“ಎಲ್ಲಾ ನಾಬೂ ಫುಲ್ ತಿರುಗಿಸಿದವರೂ ಇದ್ದಾರಲ್ಲ?” ಅಂತೀರಾ? ಇದ್ದಾರೆ. ಸ್ವೀಡನ್ನಿನ ಎಂಟೂಂಬ್ಡ್ ತಂಡ 1990ರ ಆಲ್ಬಮ್‌ನಲ್ಲಿ ಬಾಸ್ ಎಚ್.ಎಂ.-2 ಪೆಡಲನ್ನು ಹಾಗೇ ಬಳಸಿತು. ಆದರೆ ಆ ಪೆಡಲ್ ನಡುವಿನ ಸದ್ದನ್ನೇ ಭರ್ಜರಿಯಾಗಿ ಎತ್ತುತ್ತೆ. ಗುಟ್ಟು ಅದೇ!

ಈ ಸಂಗೀತದ ಮೂಲಪುರುಷ ಟೋನಿ ಐಯೋಮಿಯನ್ನೇ ನೋಡಿ. 1965ರಲ್ಲಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ, ತಂತಿ ಒತ್ತುವ ಕೈಯ ಎರಡು ಬೆರಳ ತುದಿಗಳೇ ಹೋದವು. ಆಗ ಅವನಿಗೆ 17 ವರ್ಷ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. 1970ರಲ್ಲಿ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ ಬಂತು. ಅವನು ಆಂಪ್‌ಗೆ ಮುಂಚೆ ಇಟ್ಟಿದ್ದು ಬಾಸ್ ಹೆಚ್ಚಿಸೋ ಯಂತ್ರವಲ್ಲ, ಟ್ರೆಬಲ್ ಬೂಸ್ಟರ್! ಭಾರ ನಾಬಿನಲ್ಲಿಲ್ಲ ಸ್ವಾಮಿ, ಕೈಯಲ್ಲಿದೆ.

ಕಳೆದ ವರ್ಷ ಮತ್ತೆ ನುಡಿಸಿದೆ. ಸಣ್ಣ ಹಾಲ್, ಎಣಿಸಿದ್ರೆ ಅರವತ್ತು ಜನ. ಹಿಂದಿನ ಗೋಡೆಗೆ ಒರಗಿ ಖಾಕಿ ಬಟ್ಟೆಯಲ್ಲಿ ಅಣ್ಣ. ಮುಗಿದ ಮೇಲೆ ಬಂದು ಭುಜ ತಟ್ಟಿದ: “ಅರ್ಥ ಆಗ್ಲಿಲ್ಲ ಕಣೋ... ಆದ್ರೆ ಈ ಸಲ ಪ್ರತಿಯೊಂದು ಏಟೂ ಕೇಳಿಸ್ತು.”

ಸಾಲದ ಕೊನೇ ಕಂತು ತೀರಿದ್ದು ಅವತ್ತೇ ಅಂತ ನನ್ನ ಲೆಕ್ಕ. ಬರಲಾ? ಮುಂದಿನ ವಾರ ಸಿಗೋಣ.