ಏಜೆಂಟ್‌ಗೂ ಒಬ್ಬ ಸೀನಿಯರ್ ಬೇಕು

ನಮ್ಮ ಸಂಘದ ರಾಜ್ಯೋತ್ಸವಕ್ಕೆ ಹೆಸರು ನೋಂದಾಯಿಸೋ ವೆಬ್‌ಸೈಟ್ ಮಾಡೋಣ ಅಂತ ಹೊರಟಾಗ ನಾವು ನಾಲ್ಕು ಜನ ಇದ್ವಿ. ಲಾಗಿನ್‌ಗೆ ಕೀಕ್ಲೋಕ್ ಆರಿಸಿಕೊಂಡ್ವಿ. ಗೊತ್ತಿಲ್ಲದವರಿಗೆ ಹೇಳೋದಾದರೆ, ಬಂದವರು ಯಾರು, ಅವರನ್ನ ಎಲ್ಲಿಯವರೆಗೆ ಒಳಗೆ ಬಿಡಬೇಕು ಅನ್ನೋದನ್ನ ಒಂದೇ ಕಡೆ ನೋಡಿಕೊಳ್ಳುವ ಓಪನ್ ಸೋರ್ಸ್ ಟೂಲ್ ಅದು. ಹಾಸ್ಟೆಲ್ ಗೇಟಿನ ವಾಚ್‌ಮನ್ ಮತ್ತು ಅವರ ರಿಜಿಸ್ಟರ್ ಎರಡೂ ಸೇರಿದ ಹಾಗೆ.

ಸೆಟಪ್ ಕೆಲಸವನ್ನ ಒಂದು ಎಐ ಏಜೆಂಟ್‌ಗೆ ಒಪ್ಪಿಸಿದ್ವಿ. ಮಧ್ಯದಲ್ಲಿ 'ಇನ್‌ವ್ಯಾಲಿಡ್ ಪ್ಯಾರಾಮೀಟರ್: ರೀಡೈರೆಕ್ಟ್ ಯುಆರ್‌ಐ' ಅನ್ನೋ ಎರರ್ ಬಂತು. "ಇದನ್ನ ಸರಿಮಾಡು" ಅಂದ್ವಿ. ಮಾಡ್ತು. ಲಾಗಿನ್ ಆಯ್ತು, ನಾವು ಟೀ ಕುಡಿಯೋಕೆ ಹೋದ್ವಿ. ಮರುದಿನ ಫೈನಲ್ ಇಯರ್ ಅಕ್ಕ ಒಬ್ಬರು ಸೆಟ್ಟಿಂಗ್ಸ್ ತೆಗೆದು ನೋಡಿ, "ಏನ್ರಪ್ಪಾ ಇದು, ವಿಳಾಸ ಇರಬೇಕಾದ ಜಾಗದಲ್ಲಿ ಬರೀ ಸ್ಟಾರ್ ಹಾಕಿದ್ದೀರಾ?" ಅಂದ್ರು.

ಲಾಗಿನ್ ಮುಗಿದ ಮೇಲೆ ಬಳಕೆದಾರರನ್ನ ಯಾವ ವಿಳಾಸಕ್ಕೆ ವಾಪಸ್ ಕಳಿಸಬಹುದು ಅನ್ನೋ ಪಟ್ಟಿ ಅದು. ಸ್ಟಾರ್ ಹಾಕಿದರೆ ಎಲ್ಲಿಗೆ ಬೇಕಾದರೂ ಕಳಿಸಬಹುದು ಅಂತ. ಯಾರೋ ಒಂದು ಲಿಂಕ್ ತಯಾರಿಸಿ ವಾಟ್ಸಾಪ್ ಗ್ರೂಪಿಗೆ ಹಾಕಿದರೆ, ನಮ್ಮ ಜೂನಿಯರ್ ನಮ್ಮದೇ ಪುಟದಲ್ಲಿ ಲಾಗಿನ್ ಆಗ್ತಾಳೆ, ಅವಳ ಕೋಡ್ ಮಾತ್ರ ಬೇರೆಯವರ ಸೈಟ್ ಸೇರುತ್ತೆ. ಅಲ್ಲಿ ಅವಳ ಫೋನ್ ನಂಬರ್ ಇತ್ತು, ಯುಎಸ್‌ಎನ್ ಇತ್ತು. ವಿಳಾಸ ಆದಷ್ಟು ನಿಖರವಾಗಿರಲಿ ಅಂತ ಕೀಕ್ಲೋಕ್‌ನ ದಾಖಲೆಯಲ್ಲೇ ಬರೆದಿದೆ. ನಾವು ಓದಿರಲಿಲ್ಲ. ಏಜೆಂಟ್‌ಗೆ ಓದು ಅಂತ ಹೇಳಿಯೂ ಇರಲಿಲ್ಲ.

ಏಜೆಂಟ್‌ಗಳಿಗಾಗಿ ದಾಖಲೆ ಬರೆಯೋದು ಈಗ ಎಲ್ಲ ಕಡೆ ನಡೀತಿದೆ. ಸೈಟಿನಲ್ಲಿ ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ ಅನ್ನೋ ಫೈಲ್ ಇಡಿ ಅಂತ 2024ರಲ್ಲಿ ಜೆರೆಮಿ ಹೊವರ್ಡ್ ಸಲಹೆ ಕೊಟ್ಟರು. ಪ್ರಾಜೆಕ್ಟ್ ಒಳಗೆ ಏಜೆಂಟ್ಸ್ ಡಾಟ್ ಎಂಡಿ ಇಡೋದೂ ಬಂತು. ಒಳ್ಳೇದೇ. ಆದರೆ ಇರೋ ದಾಖಲೆಯನ್ನೇ ಚಿಕ್ಕದು ಮಾಡಿ ಅಲ್ಲಿ ಹಾಕಿದರೆ ಸಾಲದು ಅನ್ನೋದು ನಮ್ಮ ವಾದ. 'ಅಷ್ಟೂ ಗೊತ್ತಿರಲ್ವಾ' ಅಂತ ನಾವು ಬಿಟ್ಟುಬಿಡೋ ಮಾತುಗಳೇ ಅಲ್ಲಿ ಬೇಕಾಗಿರೋದು. ಕ್ಯಾಲ್ಕುಲೇಟರ್ ಪ್ರೋಗ್ರಾಂ ಆದರೆ ಉತ್ತರ ತಪ್ಪು ಬಂದಾಗ ಕಾಣುತ್ತೆ. ಲಾಗಿನ್ ವಿಷಯದಲ್ಲಿ ತಪ್ಪು ಸೆಟ್ಟಿಂಗ್ ಕೂಡ ಚೆನ್ನಾಗೇ ಕೆಲಸ ಮಾಡುತ್ತೆ, ಅದೇ ಭಯ.

ನಮ್ಮ ಮೊದಲ ಪುಟದಲ್ಲಿ 'ಸುರಕ್ಷಿತವಾಗಿ ಕಾನ್ಫಿಗರ್ ಮಾಡು' ಅಂತ ಬರೆದಿದ್ವಿ. ಅಕ್ಕ ಕೇಳಿದ್ರು, "ಇದನ್ನ ಓದಿ ನೀವಾದ್ರೂ ಏನು ಮಾಡ್ತಿದ್ರಿ?" ಉತ್ತರ ಇರಲಿಲ್ಲ. ಆಮೇಲೆ ಜೂನಿಯರ್ ಎದುರಿಗೆ ಕೂತಿದ್ದಾನೆ ಅಂದುಕೊಂಡು ಬಾಯಲ್ಲೇ ಹೇಳಿ ನೋಡಿದ್ವಿ: "ಎರರ್ ಬಂದರೆ ಸ್ಟಾರ್ ಹಾಕಬೇಡ ಕಣೋ. ಬ್ರೌಸರ್ ಕಳಿಸಿರೋ ವಿಳಾಸ ನೋಡು, ನಮ್ಮ ಪಟ್ಟಿ ಜೊತೆ ಹೋಲಿಸು. ಅದು ನಮ್ಮದೇ ವಿಳಾಸ ಆಗಿದ್ರೆ ಅದೊಂದನ್ನೇ ಸೇರಿಸು, ಅಲ್ಲದಿದ್ರೆ ನಿಲ್ಲಿಸಿ ನಮ್ಮನ್ನ ಕೇಳು." (ನಾವೆಲ್ಲ ಇಂಗ್ಲಿಷ್ ಮೀಡಿಯಂ. 'ಬೆಸ್ಟ್ ಪ್ರಾಕ್ಟೀಸ್' ಅಂತ ಬರೆದು ತಪ್ಪಿಸಿಕೊಳ್ಳೋದು ಚೆನ್ನಾಗಿ ಬರುತ್ತೆ. ಕನ್ನಡದಲ್ಲಿ ಹೇಳೋಕೆ ಹೋದರೆ ಏನು ಮಾಡಬೇಕು ಅನ್ನೋದನ್ನ ಹೇಳಲೇಬೇಕಾಗುತ್ತೆ.)

ವರ್ಷನ್ ಕೂಡ ಬರೀಬೇಕು. 2022ರಲ್ಲಿ ಬಂದ ಕೀಕ್ಲೋಕ್ 17ರಿಂದ ವಿಳಾಸದಲ್ಲಿದ್ದ 'ಆತ್' ಅನ್ನೋ ಭಾಗ ತಾನಾಗಿ ಬರೋದು ನಿಂತಿತು. 26ರಲ್ಲಿ ಮೊದಲ ಅಡ್ಮಿನ್ ಹೆಸರು ಕೊಡೋ ವೇರಿಯಬಲ್ಲೇ ಬದಲಾಯ್ತು. ಏಜೆಂಟ್ ಕಲಿತಿರೋದರಲ್ಲಿ ಹಳೇ ಬರಹಗಳೂ ಇರುತ್ತವೆ, ಹೊಸ ಸರ್ವರ್‌ಗೆ ಹಳೇ ವಿಳಾಸ ಕೊಟ್ಟು ಒದ್ದಾಡುತ್ತೆ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಅಂತಾರಲ್ಲ, ಇಲ್ಲಿ ಒಂದು ಸೆಷನ್ ಮಾತ್ರ. ಬರೆದಿಡದಿದ್ರೆ ನಾಳೆ ಮತ್ತೆ ಮೊದಲಿಂದ.

ಎಷ್ಟು ಬರೆದರೂ ಬರೆದದ್ದು ಬೀಗ ಆಗಲ್ಲ, ಅದನ್ನೂ ಒಪ್ಪಬೇಕು. ನಾವು ಮಾಡಿದ ದೊಡ್ಡ ತಪ್ಪು ಸ್ಟಾರ್ ಅಲ್ಲವೇ ಅಲ್ಲ, ಮಾಸ್ಟರ್ ರಿಯಲ್ಮಿನ ಅಡ್ಮಿನ್ ಪಾಸ್‌ವರ್ಡನ್ನೇ ಚಾಟ್‌ನಲ್ಲಿ ಅಂಟಿಸಿದ್ದು. ಈಗ ಏಜೆಂಟ್‌ಗೆ ಬೇರೆ ಸರ್ವಿಸ್ ಅಕೌಂಟ್ ಇದೆ. ಒಂದೇ ರಿಯಲ್ಮಿನಲ್ಲಿ 'ಮ್ಯಾನೇಜ್ ಕ್ಲೈಂಟ್ಸ್' ರೋಲ್ ಮಾತ್ರ ಕೊಟ್ಟಿದ್ದೀವಿ. ಜನರ ಪಟ್ಟಿ ಅದಕ್ಕೆ ಕಾಣಲ್ಲ. ಯಾವುದಕ್ಕೆ ಅನುಮತಿ ಇಲ್ಲ, ಯಾಕಿಲ್ಲ ಅಂತ ಪುಟದಲ್ಲಿ ಬರೆದಿದ್ದೀವಿ, ಇಲ್ಲಾಂದ್ರೆ '403' ಬಂದ ಕೂಡಲೇ ಅಡ್ಡದಾರಿ ಹುಡುಕೋಕೆ ಶುರು ಮಾಡುತ್ತೆ.

ರಿಯಲ್ಮ್ ಎಕ್ಸ್‌ಪೋರ್ಟ್ ಮಾಡಿ ಬ್ಯಾಕಪ್ ಇಡೋ ಭಾಗ ಇನ್ನೂ ಬರೆದಿಲ್ಲ. ಫಸ್ಟ್ ಇಯರ್‌ನವರು ಯಾರಾದ್ರೂ ಬರೀತೀರಾದ್ರೆ ಲ್ಯಾಬ್ ಮುಗಿದ ಮೇಲೆ ಸಂಘದ ಕೋಣೆಗೆ ಬನ್ನಿ, ನಾವು ಅಲ್ಲೇ ಇರ್ತೀವಿ.