ಯಾವ ದಶಕದ ಹಾಡು ಮೇಲು?

ಮದುವೆಯ ಮನೆಯಲ್ಲಿ ಊಟ ಮುಗಿದು ಹಿರಿಯರು ಎಲೆ ಅಡಿಕೆಯ ತಟ್ಟೆಯ ಸುತ್ತ ಕುಳಿತರೆ ಮಾತು ಎಲ್ಲಿಂದ ಎಲ್ಲಿಗೆ ಹರಿಯುವುದೆಂದು ಹೇಳುವುದು ಕಷ್ಟ. ಮಳೆ, ಕಬ್ಬಿನ ಬೆಲೆ, ಹಿಡಕಲ್ ಅಣೆಕಟ್ಟಿನ ನೀರು, ಮೂಡಲಗಿಯ ದನದ ಸಂತೆ, ಇವೆಲ್ಲ ಮುಗಿದು ಮಾತು ಹಾಡಿನ ಕಡೆಗೆ ಹೊರಳಿತೆಂದರೆ ಆ ರಾತ್ರಿ ನಿದ್ರೆಯ ಆಸೆಯನ್ನು ಬಿಡಬೇಕಾಗುತ್ತದೆ. ಗೋಕಾಕದ ಇಂಥದೊಂದು ಮದುವೆಯ ಮನೆಯನ್ನು ಯಾರು ಬೇಕಾದರೂ ಕಲ್ಪಿಸಿಕೊಳ್ಳಬಹುದು.

ಮೂಡಲಗಿಯಿಂದ ಬಂದಿರುವ ಅಜ್ಜನವರಿಗೆ ಎಂಬತ್ತು ದಾಟಿದೆ. ಹಾಡೆಂದರೆ 1960ರ ದಶಕದ ಚಿತ್ರಗೀತೆಯೇ ಎಂಬುದು ಅವರ ನಂಬಿಕೆ. ಪಿ. ಬಿ. ಶ್ರೀನಿವಾಸರ ಮೃದುವಾದ ಕಂಠ ರಾಜಕುಮಾರರ ಅಭಿನಯಕ್ಕೆ ಒದಗಿಬಂದ ಕಾಲ ಅದು. ಹುಕ್ಕೇರಿಯ ಅತ್ತೆ ಈ ಮಾತನ್ನು ಒಪ್ಪುವವರಲ್ಲ. ಪುಟ್ಟಣ್ಣ ಕಣಗಾಲರ ಚಿತ್ರಗಳು, ವಿಜಯಭಾಸ್ಕರ್, ಜಿ. ಕೆ. ವೆಂಕಟೇಶ್, ರಾಜನ್–ನಾಗೇಂದ್ರ ಇವರ ಸಂಗೀತ, ಎಸ್. ಜಾನಕಿಯವರ ಗಾಯನ ಎಲ್ಲವೂ ಕೂಡಿಬಂದ 1970ರ ದಶಕದ ಮುಂದೆ ಬೇರೊಂದು ಕಾಲ ನಿಲ್ಲಲಾರದೆಂದು ಅವರ ವಾದ. ಸಂಕೇಶ್ವರದ ಅಳಿಯನಿಗಾದರೋ 1987ರಲ್ಲಿ ಹಂಸಲೇಖರ ಸಾಹಿತ್ಯ ಸಂಗೀತಗಳೊಡನೆ ತೆರೆಕಂಡ ‘ಪ್ರೇಮಲೋಕ’ದಿಂದಲೇ ಹಾಡಿನ ಯುಗ ಆರಂಭವಾಗುತ್ತದೆ. ಕಾಲೇಜಿಗೆ ಹೋಗುವ ಮೊಮ್ಮಗ ಇದನ್ನೆಲ್ಲ ಮೊಬೈಲು ಹಿಡಿದುಕೊಂಡೇ ಕೇಳುತ್ತಿದ್ದಾನೆ.

“ಆಮ್ಯಾಲ ಬಂದದ್ದು ಹಾಡಲ್ಲ ತಮ್ಮಾ, ಬರೇ ಗದ್ದಲ” ಎಂದು ಅಜ್ಜ ತೀರ್ಪು ಕೊಡುತ್ತಾರೆ.

“ಹಂಗಾರ ಅಜ್ಜಾ, ನಿಮ್ಮ ಕಾಲದಾಗ ಕೆಟ್ಟ ಹಾಡು ಒಂದೂ ಇರಲೇ ಇಲ್ಲೇನು?”

ಹುಡುಗನ ಪ್ರಶ್ನೆ ಉದ್ಧಟತನದಿಂದ ಬಂದದ್ದಲ್ಲ. ವಾದದ ಮರ್ಮವನ್ನೇ ಅದು ಮುಟ್ಟುತ್ತದೆ. ಕೆಟ್ಟ ಹಾಡುಗಳು ಎಲ್ಲ ಕಾಲದಲ್ಲಿಯೂ ಹುಟ್ಟಿವೆ. ಆದರೆ ಹಳೆಯ ಕಾಲದ ರಾಶಿಯನ್ನು ಕಾಲವೇ ಮೊರದಲ್ಲಿ ಹಾಕಿ ಕೇರಿ ಹಸನು ಮಾಡಿದೆ. ಜೊಳ್ಳು ಹಾರಿ ಕಾಳು ಉಳಿದಿದೆ. ಇಂದಿನ ಹಾಡುಗಳಾದರೋ ಇನ್ನೂ ಕಣದಲ್ಲಿವೆ, ತೂರುವ ಕೆಲಸ ಆಗಿಲ್ಲ. ಕೇರಿದ ಕಾಳನ್ನು ಒಂದು ಕೈಯಲ್ಲಿಯೂ ತೂರದ ರಾಶಿಯನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು ತೂಕ ಮಾಡಿದರೆ ಅದು ನ್ಯಾಯವಾದ ತೂಕವಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅಜ್ಜ, ಅತ್ತೆ, ಅಳಿಯ ಮೂವರೂ ಹೊಗಳಿದ್ದು ತಮ್ಮ ತಮ್ಮ ಇಪ್ಪತ್ತರ ಪ್ರಾಯದ ಹಾಡುಗಳನ್ನೇ. ಇದು ಬೆಳಗಾವಿ ಜಿಲ್ಲೆಗೆ ಮಾತ್ರ ಸೀಮಿತವಾದ ಗುಣವಲ್ಲ. ಅಮೆರಿಕದಲ್ಲಿ ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಷಿಂಡ್ಲರ್ ಎಂಬ ಇಬ್ಬರು ವಿದ್ವಾಂಸರು ಬೇರೆ ಬೇರೆ ವಯಸ್ಸಿನವರಿಗೆ ಹಲವು ದಶಕಗಳ ಹಾಡುಗಳನ್ನು ಕೇಳಿಸಿ, ಜನರಿಗೆ ಅತ್ಯಂತ ಪ್ರಿಯವಾಗುವುದು ಅವರಿಗೆ ಸುಮಾರು 24 ವರ್ಷವಾಗಿದ್ದಾಗ ಪ್ರಚಲಿತವಾಗಿದ್ದ ಹಾಡುಗಳೆಂದು 1989ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿಯೇ ಇದನ್ನು ಪರೀಕ್ಷಿಸಿ ನೋಡಬಹುದು. ಹಿರಿಯರಿಗೆ ಅವರ ಮೆಚ್ಚಿನ ಹಾಡು ಯಾವುದೆಂದು ಕೇಳಿ, ಆ ಹಾಡು ಬಂದ ವರ್ಷದಿಂದ ಅವರು ಹುಟ್ಟಿದ ವರ್ಷವನ್ನು ಕಳೆದರೆ ಸಾಕು. ಹಲವು ಮನೆಗಳಲ್ಲಿ ದಶಕದ ಹೊಗಳಿಕೆಯೆಂಬುದು ಹೊಗಳುವವರ ತಾರುಣ್ಯದ ಹೊಗಳಿಕೆಯೇ ಆಗಿರುತ್ತದೆ.

ಹಾಗೆಂದು ಅಭಿರುಚಿಯ ವಿಷಯದಲ್ಲಿ ಚರ್ಚೆಯೇ ಕೂಡದು, ಎಲ್ಲ ಕಾಲವೂ ಒಂದೇ ಎನ್ನುವುದು ಸೋಮಾರಿಗಳ ಮಾತು. ಚಿತ್ರಗೀತೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದಾದರೆ ಹುಕ್ಕೇರಿಯ ಅತ್ತೆಯ ಪಕ್ಷವೇ ಬಲವಾದುದು. ಆಗ ವಾದ್ಯದವರೂ ಗಾಯಕರೂ ಒಂದೇ ಹೊತ್ತಿಗೆ ಕೂಡಿ ನುಡಿಸಿ ಹಾಡುತ್ತಿದ್ದರು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಆ ಕಟ್ಟುನಿಟ್ಟು ಹಾಡಿಗೆ ಒಂದು ಬಿಗಿಯನ್ನು ಕೊಟ್ಟಿತ್ತು. ಚಿ. ಉದಯಶಂಕರ್, ವಿಜಯನಾರಸಿಂಹ, ಆರ್. ಎನ್. ಜಯಗೋಪಾಲ್ ಮೊದಲಾದವರ ಸಾಹಿತ್ಯದಲ್ಲಿ ಮಾತು ಸ್ಪಷ್ಟವಾಗಿತ್ತು. ವಾದ್ಯಗಳು ಮಾತನ್ನು ನುಂಗುತ್ತಿರಲಿಲ್ಲ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಬಳಿಕ ರಾಜಕುಮಾರ್ ತಮ್ಮ ಪಾತ್ರಗಳಿಗೆ ಹೆಚ್ಚಾಗಿ ತಾವೇ ಹಾಡತೊಡಗಿದರು. ಅದೇ ದಶಕದಲ್ಲಿ, 1977ರಲ್ಲಿ, ‘ಸನಾದಿ ಅಪ್ಪಣ್ಣ’ ಬಂದಿತು. ಗೋಕಾಕದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯನ್ನು ಆಧರಿಸಿದ ಈ ಚಿತ್ರಕ್ಕಾಗಿ ಉಸ್ತಾದ್ ಬಿಸ್ಮಿಲ್ಲಾ ಖಾನರೇ ಶಹನಾಯಿ ನುಡಿಸಿದರು. ಮದುವೆಯ ಮನೆಗಳಲ್ಲಿ ಸನಾದಿ ಊದುತ್ತಿದ್ದ ಬಡ ಕಲಾವಿದನ ಬದುಕಿಗೆ ಇದಕ್ಕಿಂತ ದೊಡ್ಡ ಗೌರವ ಸಿನಿಮಾದಿಂದ ಸಂದದ್ದು ವಿರಳ.

ಆ ಕಾಲದ ಚಿತ್ರಗೀತೆಗಳಿಗೆ ಈ ಸೀಮೆಯಲ್ಲಿ ಇನ್ನೊಂದು ಬೆಲೆಯೂ ಉಂಟು. 1956ರ ಏಕೀಕರಣಕ್ಕೆ ಮೊದಲು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ನೆರೆಯ ಕೊಲ್ಹಾಪುರ ಮರಾಠಿ ಚಿತ್ರಗಳ ತವರು. 1955ರಲ್ಲಿ ಪುಣೆಯ ಆಕಾಶವಾಣಿಯಿಂದ ಸುಧೀರ ಫಡಕೆಯವರ ‘ಗೀತರಾಮಾಯಣ’ ಆರಂಭವಾಗಿ ವಾರವಾರವೂ ಮನೆಮನೆಯ ಮಾತಾಯಿತು. ಚೆಲುವಾದ ಹಾಡನ್ನು ಯಾವ ಭಾಷೆಯಲ್ಲಿ ಕೇಳಿದರೂ ಕಿವಿಗೆ ಹಿತವೇ. ಆದರೂ 1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದದ್ದು, ಮುಂದೆ ಕನ್ನಡ ಚಿತ್ರಗೀತೆಗಳು ಹಳ್ಳಿಹಳ್ಳಿಗೆ ತಲುಪಿದ್ದು, ಗಡಿಯ ಮಕ್ಕಳ ಬಾಯಲ್ಲಿ ಕನ್ನಡವನ್ನು ನೆಲೆಗೊಳಿಸಲು ನೆರವಾಯಿತು. ಹುಕ್ಕೇರಿ ತಾಲ್ಲೂಕಿನಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆಯಾಯಿತು. ತಂತಿ ಬಂದ ಊರಿಗೆ ದೀಪದ ಹಿಂದೆಯೇ ಧ್ವನಿವರ್ಧಕವೂ ಬರುತ್ತದೆ, ಅದರ ಹಿಂದೆ ಹಾಡೂ ಬರುತ್ತದೆ. ಅತ್ತೆಯ ಎಪ್ಪತ್ತರ ದಶಕವೆಂದರೆ ಹಾಡು ಮೊದಲ ಬಾರಿಗೆ ಮನೆಬಾಗಿಲಿಗೆ ತಾನಾಗಿ ನಡೆದುಬಂದ ದಶಕ. ಆ ಸಂಭ್ರಮವನ್ನು ಮರೆಯೆಂದರೆ ಹೇಗೆ ಮರೆತಾರು?

ಇಷ್ಟನ್ನು ಒಪ್ಪಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಹಾಡನ್ನು ದಶಕದ ಬೇಲಿಯೊಳಗೆ ಕಟ್ಟುವುದು ಹೇಗೆ? ಬೇಂದ್ರೆಯವರ ‘ಬೆಳಗು’ ಕವಿತೆ 1932ರ ‘ಗರಿ’ ಸಂಕಲನದಲ್ಲಿದೆ. ಅದು 1967ರಲ್ಲಿ ‘ಬೆಳ್ಳಿಮೋಡ’ ಚಿತ್ರದ ಹಾಡಾಯಿತು. ಅದನ್ನು ಮೂವತ್ತರ ದಶಕದ ಲೆಕ್ಕಕ್ಕೆ ಬರೆಯಬೇಕೋ ಅರವತ್ತರ ಲೆಕ್ಕಕ್ಕೋ? ಶಿಶುನಾಳ ಶರೀಫರು ಕಾಲವಾದದ್ದು 1889ರಲ್ಲಿ. ಅವರ ತತ್ತ್ವಪದಗಳನ್ನು ಭಜನೆಯ ಮೇಳಗಳು ತಲೆಮಾರುಗಳವರೆಗೆ ಕಾಯ್ದುಕೊಂಡು ಬಂದವು, ಸಿ. ಅಶ್ವತ್ಥರ ಕಂಠದಲ್ಲಿ ಅವು ಧ್ವನಿಸುರುಳಿಯನ್ನೇರಿದವು. 1990ರಲ್ಲಿ ‘ಸಂತ ಶಿಶುನಾಳ ಶರೀಫ’ ಚಿತ್ರವೂ ಬಂದಿತು. ಸಂಕೇಶ್ವರದ ಅಳಿಯನು ‘ನಮ್ಮ ಕಾಲದ ಹಾಡು’ ಎಂದು ಎದೆ ತಟ್ಟಿಕೊಳ್ಳುವ ಹಾಡುಗಳಲ್ಲಿ ಕೆಲವಕ್ಕೆ ಅವನ ಮುತ್ತಜ್ಜನಷ್ಟು ವಯಸ್ಸಾಗಿರಬಹುದು.

ದಶಕದ ಲೆಕ್ಕ ಹುಟ್ಟಿದ್ದೇ ಯಂತ್ರದಿಂದ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಾಫೋನಿಗಾಗಿ ಹಾಡಿದರು. ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಪ್ಪು ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರು, ಮೂರೂವರೆ ನಿಮಿಷದ ಹಾಡು ಮಾತ್ರ. ಇಂದಿಗೂ ಹೆಚ್ಚಿನ ಹಾಡುಗಳು ನಾಲ್ಕೈದು ನಿಮಿಷಗಳಲ್ಲಿ ಮುಗಿಯುವುದರ ಹಿಂದೆ ಆ ತಟ್ಟೆಯ ಅಳತೆಯೂ ಇದೆ. ತಟ್ಟೆಯ ಮೇಲೆ ಹೆಸರಿದೆ, ಸಂಖ್ಯೆಯಿದೆ; ಚಿತ್ರಕ್ಕೆ ಬಿಡುಗಡೆಯ ವರ್ಷವಿದೆ. ಹೀಗೆ ವರ್ಷದ ಮುದ್ರೆ ಬಿದ್ದ ಹಾಡುಗಳಷ್ಟೇ ದಶಕಗಳ ಪಂದ್ಯದಲ್ಲಿ ಪಾಲುಗೊಳ್ಳುತ್ತವೆ. ಮುದ್ರೆಯಿಲ್ಲದ ಹಾಡುಗಳ ಗತಿಯೇನು?

ಆ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಈಗ ಮೂಡಲಗಿ ತಾಲ್ಲೂಕಿಗೆ ಸೇರಿರುವ ಕುಲಗೋಡ ಎಂಬ ಊರಿದೆ. ‘ಶ್ರೀಕೃಷ್ಣ ಪಾರಿಜಾತ’ವನ್ನು ಆಟವಾಗಿ ರೂಢಿಗೆ ತಂದ ಕುಲಗೋಡ ತಮ್ಮಣ್ಣನ ಊರು ಅದು. ರಾಯಚೂರು ಸೀಮೆಯ ಅಪರಾಳ ತಮ್ಮಣ್ಣನ ಕೃತಿಯನ್ನು ಈತ ಹತ್ತೊಂಬತ್ತನೆಯ ಶತಮಾನದಲ್ಲಿ ರಂಗಕ್ಕೆ ಅಳವಡಿಸಿದನೆಂದು ವಿದ್ವಾಂಸರು ಹೇಳುತ್ತಾರೆ. ನಾರದ ತಂದ ಒಂದು ಹೂವು ರುಕ್ಮಿಣಿಯ ಪಾಲಾಯಿತು, ಸತ್ಯಭಾಮೆ ಮುನಿದಳು. ಕಥೆ ಇಷ್ಟೇ. ಆದರೆ ಆಟ ಬೆಳಗಿನ ತನಕ ನಡೆಯುತ್ತದೆ. ಹಾರ್ಮೋನಿಯಂ, ತಬಲ, ತಾಳಗಳ ನಡುವೆ ಹಿಂದುಸ್ತಾನಿ ರಾಗಗಳ ಬಣ್ಣ ಹೊತ್ತ ಪದಗಳು ಒಂದರ ಹಿಂದೊಂದು ಬರುತ್ತವೆ. ಕೌಜಲಗಿಯ ನಿಂಗಮ್ಮ ಈ ಆಟದಿಂದಲೇ ನಾಡಿನಲ್ಲಿ ಹೆಸರಾದ ಕಲಾವಿದೆ. ಪಾರಿಜಾತದ ಹಾಡು ಯಾವ ದಶಕದ್ದೆಂದು ಕೇಳಿದವರಿಲ್ಲ. ಹಾಡುವವನ ತಂದೆ ಹಾಡಿದ್ದ, ಅವನಿಗೂ ಮೊದಲು ಇನ್ನಾರೋ ಹಾಡಿದ್ದರು.

ಗೀಗೀ ಪದದ ಮೇಳಗಳನ್ನು ನೋಡಿದರೆ ವಾದವನ್ನು ಹೇಗೆ ನಡೆಸಬೇಕೆಂಬುದೂ ತಿಳಿಯುತ್ತದೆ. ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು, ದಪ್ಪು ತುಂತುಣಿಗಳೊಡನೆ ಸವಾಲು ಜವಾಬು ಹಾಡುತ್ತ ರಾತ್ರಿ ಕಳೆಯುತ್ತಾರೆ. ಬೆಳಗಾದರೂ ಯಾವ ಪಕ್ಷವೂ ಸೋಲನ್ನು ಒಪ್ಪುವುದಿಲ್ಲ; ಕೇಳಿದವರಿಗೆ ಮಾತ್ರ ಒಂದು ರಾತ್ರಿಯ ತುಂಬ ಹಾಡು ದೊರೆತಿರುತ್ತದೆ. ಇನ್ನು ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಪಕ್ಕದಲ್ಲಿ, ಸೋಬಾನೆಯ ಹೊತ್ತಿನಲ್ಲಿ ಹೆಣ್ಣುಮಕ್ಕಳು ಹಾಡಿದ ಪದಗಳು ಯಾವ ಲೆಕ್ಕಕ್ಕೂ ಸಿಕ್ಕಿಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು. ಕಲ್ಲಿನೊಡನೆ ಎಷ್ಟೋ ಹಾಡುಗಳೂ ಮೌನವಾದವು. ಬೀಸುವ ಕಷ್ಟ ತಪ್ಪಿದ್ದಕ್ಕೆ ಯಾರೂ ಮರುಗಬೇಕಾಗಿಲ್ಲ. ಹಾಡು ತಪ್ಪಿದ್ದಕ್ಕೆ ಮರುಗಬೇಕು.

ಆದ್ದರಿಂದ ಚಿನ್ನದ ಕಾಲವೆಂದು ಅಜ್ಜನೂ ಅತ್ತೆಯೂ ಹೊಗಳುವ ದಶಕಗಳ ಇನ್ನೊಂದು ಮುಖವನ್ನೂ ಹೇಳಲೇಬೇಕು. ಆ ದಶಕಗಳಲ್ಲಿ ಕನ್ನಡ ಚಿತ್ರಗೀತೆಗಳ ಮುದ್ರಣ ಬಹುಮಟ್ಟಿಗೆ ಮದ್ರಾಸಿನಲ್ಲಿ ನಡೆಯುತ್ತಿತ್ತು. ಹಾಡಿನ ಭಾಷೆ ಮೈಸೂರು ಕಡೆಯ ಗ್ರಂಥಸ್ಥ ಭಾಷೆ. ಘಟಪ್ರಭೆಯ ದಂಡೆಯ ಜನ ಅದನ್ನು ಪ್ರೀತಿಯಿಂದ ಕೇಳಿದರು, ಕಲಿತರು, ಮದುವೆಗಳಲ್ಲಿ ಹಚ್ಚಿದರು. ಆದರೆ ಅವರು ಕೇಳುಗರಾದರು. ಅದಕ್ಕೆ ಮೊದಲು ಇದು ಹಾಡು ಕಟ್ಟುವವರ ಸೀಮೆಯಾಗಿತ್ತು. ಒಳ್ಳೆಯ ಹಾಡನ್ನು ಪಡೆದುಕೊಳ್ಳುವುದು ಲಾಭವೇ. ಆದರೆ ಪಡೆಯುವುದು ರೂಢಿಯಾಗಿ ಕಟ್ಟುವುದು ಮರೆತುಹೋದರೆ ಆ ಲಾಭದ ಪಕ್ಕದಲ್ಲಿ ನಷ್ಟವನ್ನೂ ಬರೆಯಬೇಕಾಗುತ್ತದೆ.

ಈ ದೃಷ್ಟಿಯಿಂದ ನೋಡಿದಾಗ ಅಜ್ಜನವರು ಗದ್ದಲವೆಂದು ತಳ್ಳಿಹಾಕಿದ ಇಂದಿನ ಹಾಡುಗಳ ವಿಷಯದಲ್ಲಿ ತುಸು ತಾಳ್ಮೆ ಬೇಕೆನಿಸುತ್ತದೆ. ಕಬ್ಬು ನುರಿಸುವ ಕಾಲದಲ್ಲಿ ಕಾರ್ಖಾನೆಯ ದಾರಿ ಹಿಡಿದ ಟ್ರ್ಯಾಕ್ಟರುಗಳ ಮೇಲೆ ಮೊಳಗುವ ಹಾಡುಗಳನ್ನು ಈ ಭಾಗದಲ್ಲಿ ಕೇಳದವರಿಲ್ಲ. ಅವನ್ನು ಜನ ‘ಜಾನಪದ’ವೆಂದೇ ಕರೆಯುತ್ತಾರೆ, ಪಂಡಿತರು ಆ ಹೆಸರನ್ನು ಒಪ್ಪದಿರಬಹುದು. ಅವುಗಳ ದೋಷ ಎದ್ದು ಕಾಣುತ್ತದೆ. ಒಂದೇ ಬಗೆಯ ಬಡಿತ, ಕೈಕೊಟ್ಟ ಹುಡುಗಿಯನ್ನು ಹಳಿಯುವ ಅದೇ ಅದೇ ಮಾತು, ಕೆಲವೊಮ್ಮೆ ಹೆಣ್ಣುಮಕ್ಕಳು ಕೇಳಿ ತಲೆತಗ್ಗಿಸುವಂಥ ಒರಟುತನ, ಎಲ್ಲಕ್ಕೂ ಮಿಗಿಲಾಗಿ ಎದೆ ನಡುಗಿಸುವ ಸದ್ದು. ಇವು ಅಲಕ್ಷಿಸಬಹುದಾದ ದೋಷಗಳಲ್ಲ. ಆದರೂ ಈ ಹಾಡುಗಳನ್ನು ಕಟ್ಟಿದವರು ಇಲ್ಲಿನ ಹಳ್ಳಿಗಳ ಹುಡುಗರೇ. ಹೊಲ, ಗಾಡಿ, ಸಾಲ, ಜಾತ್ರೆ, ಚಾಲಕನ ನಿದ್ದೆಗೆಟ್ಟ ರಾತ್ರಿ, ಎಲ್ಲವೂ ಮನೆಯಲ್ಲಿ ಆಡುವ ಮಾತಿನಲ್ಲಿಯೇ ಬರುತ್ತವೆ. ಮದ್ರಾಸನ್ನಾಗಲಿ ಬೆಂಗಳೂರನ್ನಾಗಲಿ ಕಾಯದೆ ಅವು ಮೊಬೈಲಿನಿಂದ ಮೊಬೈಲಿಗೆ ಹಾರುತ್ತವೆ. ಈ ಸೀಮೆ ಮತ್ತೆ ಹಾಡು ಕಟ್ಟತೊಡಗಿದೆ. ಕಟ್ಟಿದ್ದರಲ್ಲಿ ಎಷ್ಟು ಜೊಳ್ಳು, ಎಷ್ಟು ಕಾಳು ಎಂಬುದನ್ನು ಕಾಲ ಕೇರಿ ನೋಡಲಿದೆ. ಪಾರಿಜಾತವನ್ನು ಕೇಳಿದ ಕಿವಿಗಳು ಪಕ್ಕದಲ್ಲಿದ್ದರೆ ಕಾಳಿನ ಪಾಲು ಹೆಚ್ಚೀತು. ಅಜ್ಜ ಬೈದು ದೂರ ಸರಿದರೆ ಆ ಹುಡುಗರಿಗೆ ಅಂಥ ಕಿವಿಗಳು ಸಿಗುವುದೆಲ್ಲಿ?

ಮದುವೆಯ ಮನೆಯಲ್ಲಿ ವಾದ ಇನ್ನೂ ಮುಗಿದಿಲ್ಲ. ಮೊಮ್ಮಗ ಮೊಬೈಲಿನಲ್ಲಿ ಹುಡುಕಿ ಪಾರಿಜಾತದ ಒಂದು ಪದವನ್ನು ಹಚ್ಚಿದ್ದಾನೆ. ಎರಡು ನುಡಿ ಕೇಳುವಷ್ಟರಲ್ಲಿ ಅಜ್ಜ ಕೈಯೆತ್ತಿ, “ನಿಲ್ಲಿಸೋ, ಹಂಗಲ್ಲ ಅದು” ಎನ್ನುತ್ತಾರೆ. ಗಂಟಲು ಸರಿಪಡಿಸಿಕೊಂಡು ತಾವೇ ಹಾಡತೊಡಗುತ್ತಾರೆ. ಮೂರನೆಯ ನುಡಿಯಲ್ಲಿ ಮಾತು ಮರೆತು ತಡೆಯುತ್ತದೆ. ಅಷ್ಟು ಹೊತ್ತೂ ಬಾಯಿ ತೆರೆಯದೆ ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದ ಅಜ್ಜಿ ಮುಂದಿನ ಮಾತನ್ನು ಎತ್ತಿಕೊಡುತ್ತಾಳೆ.